ಕಟ್ಟಿ ಕಳಿಸಿದ್ದು ಅಲ್ಲಿ, ಬಿಡಿಸಿಕೊಳ್ಳುವುದು ಚೆನ್ನೈಯಲ್ಲಿ

ಪರದೇಶದಿಂದ ಮನೆ ಸಾಮಾನು ಕಳಿಸುವಾಗ ಕಟ್ಟುವ ದುಡ್ಡು ಅರ್ಧ ದಾರಿಯದು ಮಾತ್ರ. ಉಳಿದರ್ಧದ ಬಿಲ್ಲು ಬಂದರಿನಲ್ಲಿ ಕಾದಿರುತ್ತದೆ. ಅದು ಕೈಗೆ ಬರುವ ಹೊತ್ತಿಗೆ 'ಬೇಡ' ಅನ್ನುವ ಅವಕಾಶ ಮುಗಿದಿರುತ್ತದೆ.

ಮೇ ತಿಂಗಳ ಕೊನೆ. ತಮಿಳರು ಅಗ್ನಿ ನಕ್ಷತ್ರ ಎಂದು ಕರೆಯುವ ಬಿಸಿಲು ಇನ್ನೂ ಇಳಿದಿಲ್ಲ. ಉತ್ತರ ಚೆನ್ನೈನ ಮಣಲಿ ಕಡೆಯ ರಸ್ತೆಯಲ್ಲಿ ಕಂಟೇನರ್ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ನಿಂತಿವೆ. ಗೋದಾಮಿನ ಗೇಟಿನ ಪಕ್ಕ, ತಗಡಿನ ಚಪ್ಪರದ ಕೆಳಗೆ ಗಂಡ ಹೆಂಡತಿ ಕೂತಿದ್ದಾರೆ. ರಾತ್ರಿ ಬಸ್ಸಿಗೆ ಬೆಂಗಳೂರಿನಿಂದ ಬಂದವರು. ಮಡಿಲಲ್ಲಿ ಪಾಸ್‌ಪೋರ್ಟು, ಪ್ಯಾಕಿಂಗ್ ಲಿಸ್ಟು, ಬೆವರಿಗೆ ಮೆತ್ತಗಾದ ಝೆರಾಕ್ಸ್ ಕಟ್ಟು.

ಒಳಗೆ ಅವರ ಹದಿನಾಲ್ಕು ಪೆಟ್ಟಿಗೆಗಳಿವೆ. ವರ್ಷಗಟ್ಟಲೆ ಹೊರದೇಶದಲ್ಲಿ ನಡೆಸಿದ ಸಂಸಾರ ಅದರಲ್ಲಿದೆ. ಮಕ್ಕಳ ಪುಸ್ತಕ, ಕುಕ್ಕರು, ರಜಾಯಿ, ಅಮ್ಮ ಕೊಟ್ಟ ಹಿತ್ತಾಳೆ ದೀಪ. ಜೂನ್‌ಗೆ ಇಲ್ಲಿ ಶಾಲೆ ಶುರುವಾಗುವ ಮುಂಚೆ ಎಲ್ಲ ಮನೆ ಸೇರಲಿ ಎಂದು ಲೆಕ್ಕ ಹಾಕಿ ಕಳಿಸಿದ್ದು.

ಏಜೆಂಟನ ಹುಡುಗ ಬಂದು ಒಂದು ಹಾಳೆ ಕೊಡುತ್ತಾನೆ. ಹೆಂಡತಿ ಎರಡು ಸಲ ಓದಿ ಕೇಳುತ್ತಾಳೆ, "ರೀ, ಎಲ್ಲಾ ಅಲ್ಲೇ ಕಟ್ಟಿದ್ವಲ್ಲ? ಇದ್ಯಾವ ದುಡ್ಡು?"

ಬೇಸಿಗೆಯಲ್ಲಿ ಈ ಗೇಟುಗಳ ಮುಂದೆ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯವಿಲ್ಲ. ಬೆಂಗಳೂರಿಗೆ ಸಮುದ್ರವಿಲ್ಲ. ಅಮೆರಿಕ, ಸಿಂಗಪುರ, ಆಸ್ಟ್ರೇಲಿಯಾಗಳಿಂದ ಊರಿಗೆ ಮರಳುವ ಕನ್ನಡ ಕುಟುಂಬಗಳ ಎಷ್ಟೋ ಪೆಟ್ಟಿಗೆಗಳು ಇಳಿಯುವುದು ಚೆನ್ನೈಯಲ್ಲಿ. ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋ ತನಕ ರೈಲಿನಲ್ಲಿ ತಂದು ಬಿಡಿಸಿಕೊಳ್ಳುವ ದಾರಿಯೂ ಇದೆ. ಆದರೆ ಹತ್ತಿಪ್ಪತ್ತು ಪೆಟ್ಟಿಗೆಯ ಸಣ್ಣ ಸಾಮಾನಿನ ಕಾಗದದಲ್ಲಿ ಸಾಮಾನ್ಯವಾಗಿ 'ಚೆನ್ನೈ ಬಂದರಿನವರೆಗೆ' ಎಂದಷ್ಟೇ ಇರುತ್ತದೆ. ತೊಂದರೆಯೆಲ್ಲ ಆ 'ವರೆಗೆ'ಯ ಆಚೆಗೆ.

ಅಗ್ಗದ ದರದ ಹಿಂದೆ

ಪೂರ್ತಿ ಕಂಟೇನರ್ ತುಂಬುವಷ್ಟು ಸಾಮಾನು ಎಲ್ಲರಲ್ಲಿ ಇರುವುದಿಲ್ಲ. ಹಲವರ ಸಾಮಾನು ಸೇರಿಸಿ ಒಂದು ಕಂಟೇನರ್ ತುಂಬುತ್ತಾರೆ. ವ್ಯಾಪಾರದಲ್ಲಿ ಇದಕ್ಕೆ ಎಲ್‌ಸಿಎಲ್ ಎನ್ನುತ್ತಾರೆ. ದರ ಹಾಕುವುದು ಸಿಬಿಎಂ ಲೆಕ್ಕದಲ್ಲಿ, ಅಂದರೆ ಘನ ಮೀಟರಿಗೆ ಇಷ್ಟು ಎಂದು. 60 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ಎಂಟು ಪೆಟ್ಟಿಗೆ ಜೋಡಿಸಿದರೆ ಒಂದು ಸಿಬಿಎಂಗೆ ಕೂದಲೆಳೆಯಷ್ಟು ಕಡಿಮೆ. ಒಂಬತ್ತನೆಯದು ಇಟ್ಟರೆ ಒಂದು ದಾಟಿತು. ಎರಡೇ ಪೆಟ್ಟಿಗೆ ಇದ್ದರೂ ಕನಿಷ್ಠ ಒಂದು ಸಿಬಿಎಂ ದರ ತೆರಬೇಕಾಗುವುದೇ ರೂಢಿ.

ಇಲ್ಲೊಂದು ಒಳಗುಟ್ಟಿದೆ. ಹಡಗಿನ ದರ ಕೆಲವು ಮಾರ್ಗಗಳಲ್ಲಿ ನಂಬಲಾಗದಷ್ಟು ಕಡಿಮೆ ಇರುತ್ತದೆ. ಕಳಿಸುವ ಊರಿನಲ್ಲಿ ಏಜೆಂಟರ ನಡುವೆ ಪೈಪೋಟಿ, ಗಿರಾಕಿ ನಾಲ್ಕು ಕಡೆ ವಿಚಾರಿಸಿ ಬಂದಿರುತ್ತಾನೆ. ಹಾಗಾಗಿ ದರ ಅಲ್ಲಿ ಇಳಿಸಿ, ಆ ಕೊರತೆಯನ್ನು ಸಾಮಾನು ಇಳಿಯುವ ಊರಿನಲ್ಲಿ ತುಂಬಿಕೊಳ್ಳುತ್ತಾರೆ. ಚೆನ್ನೈಯಲ್ಲಿ ನಿಮ್ಮ ಪೆಟ್ಟಿಗೆ ಯಾರ ವಶದಲ್ಲಿದೆಯೋ ಅವರ ಬಳಿ ಚೌಕಾಸಿ ಮಾಡಲು ಎರಡನೆಯ ಅಂಗಡಿ ಇಲ್ಲ.

ಹಾಳೆಯಲ್ಲಿ ಸಾಲುಗಳು ಹೀಗಿರುತ್ತವೆ: ಬಂದರಿನಲ್ಲಿ ಕಂಟೇನರ್ ಇಳಿಸಿದ ಟರ್ಮಿನಲ್ ಚಾರ್ಜು. ಅದನ್ನು ಸಿಎಫ್‌ಎಸ್‌ಗೆ, ಅಂದರೆ ಬಂದರಿನ ಹೊರಗಿನ ಕಂಟೇನರ್ ಗೋದಾಮಿಗೆ ತಂದ ಬಾಡಿಗೆ. ಅಲ್ಲಿ ಬಾಗಿಲು ತೆರೆದು ಸಾಮಾನು ಬೇರ್ಪಡಿಸಿದ ಡಿಸ್ಟಫಿಂಗ್ ಕೂಲಿ. ಸಾಮಾನು ಕೊಡಿ ಎಂದು ಬರೆದುಕೊಡುವ ಡೆಲಿವರಿ ಆರ್ಡರಿನ ಶುಲ್ಕ, ಇವರ ಬಾಯಲ್ಲಿ ಡಿಒ. ದಾಖಲೆ ಶುಲ್ಕ. ಕಸ್ಟಮ್ಸ್ ತಪಾಸಣೆಗೆ ಪೆಟ್ಟಿಗೆ ಬಿಚ್ಚಿ ಮತ್ತೆ ಕಟ್ಟಿದ್ದಕ್ಕೆ ಕೂಲಿ. ಉಚಿತ ದಿನಗಳು ಮುಗಿದ ಮೇಲಿನ ಗೋದಾಮು ಬಾಡಿಗೆ. ಕ್ಲಿಯರಿಂಗ್ ಏಜೆಂಟನ ಫೀಸು. ಈ ಸೇವೆಗಳ ಮೇಲೆ ಜಿಎಸ್‌ಟಿ. ಕೊನೆಗೆ ಶ್ರೀಪೆರುಂಬುದೂರು, ಕೃಷ್ಣಗಿರಿ, ಹೊಸೂರು ದಾಟಿ ಬೆಂಗಳೂರಿಗೆ ಬರುವ ಲಾರಿ.

ಇವುಗಳಲ್ಲಿ ಹೆಚ್ಚಿನವು ನಿಜವಾಗಿ ನಡೆದ ಕೆಲಸಕ್ಕೆ ಕೇಳುವ ದುಡ್ಡೇ. ನನ್ನ ತಕರಾರು ದುಡ್ಡಿನ ಬಗ್ಗೆ ಅಲ್ಲ, ಅದನ್ನು ಯಾವಾಗ ಹೇಳುತ್ತಾರೆ ಎನ್ನುವುದರ ಬಗ್ಗೆ. ಪೆಟ್ಟಿಗೆ ಕಟ್ಟುವ ಮೊದಲೇ ಈ ಪಟ್ಟಿ ಕೈಗೆ ಬಂದಿದ್ದರೆ ಅರ್ಧ ಜನ ಕುಕ್ಕರು, ರಜಾಯಿಯನ್ನು ಅಲ್ಲೇ ಯಾರಿಗಾದರೂ ಕೊಟ್ಟು ಬರುತ್ತಿದ್ದರು. ಹಡಗಿನ ದರದ ಪಕ್ಕದಲ್ಲೇ ಇಳಿಯುವ ಊರಿನ ಖರ್ಚನ್ನೂ ಬರೆದುಕೊಡಬೇಕು ಎಂಬ ಕಡ್ಡಾಯ ಬಂದರೆ ಈ ಗೇಟುಗಳ ಮುಂದಿನ ಜಗಳ ಬಹುಪಾಲು ನಿಂತೇಹೋಗುತ್ತದೆ.

ಇದು ನಮ್ಮವರ ಗೋಳು ಮಾತ್ರ ಅಲ್ಲ. ಹಡಗು ಸಾಗಣೆಯ ಮೇಲ್ವಿಚಾರಣೆ ನೋಡುವ ಅಮೆರಿಕದ ಫೆಡರಲ್ ಮ್ಯಾರಿಟೈಮ್ ಕಮಿಷನ್ ದೂರುಗಳು ಹೆಚ್ಚಿದ್ದರಿಂದ 2010ರಲ್ಲಿ ಮನೆ ಸಾಮಾನು ಸಾಗಣೆಯ ಅಕ್ರಮಗಳ ಬಗ್ಗೆಯೇ ಪ್ರತ್ಯೇಕ ತನಿಖೆ ಕೈಗೊಂಡಿತ್ತು. ಅಲ್ಲಿಂದ ಕಳಿಸುವವರು ತಮ್ಮ ಏಜೆಂಟನಿಗೆ ಆ ಕಮಿಷನ್ನಿನ ಪರವಾನಗಿ ಇದೆಯೇ ಎಂದು ಅದರ ಜಾಲತಾಣದಲ್ಲೇ ನೋಡಿಕೊಳ್ಳಬಹುದು.

■ ಬಾಕ್ಸ್: ಒಪ್ಪುವ ಮೊದಲು ಬರವಣಿಗೆಯಲ್ಲಿ ಕೇಳಿ

ದರ ಮನೆ ಬಾಗಿಲಿನವರೆಗೋ, ಬಂದರಿನವರೆಗೋ? ಚೆನ್ನೈಯಲ್ಲಿ ಡಿಒ ಕೊಡುವ ಕಂಪನಿ ಯಾವುದು, ಅದರ ಶುಲ್ಕದ ಪಟ್ಟಿ ಎಲ್ಲಿದೆ? ಯಾವ ಸಿಎಫ್‌ಎಸ್‌ಗೆ ಹೋಗುತ್ತದೆ, ಉಚಿತ ದಿನ ಎಷ್ಟು? ಅಳತೆ ಹಾಕುವವರು ಯಾರು, ಚೆನ್ನೈಯಲ್ಲಿ ಮತ್ತೆ ಅಳೆದರೆ ಯಾವ ಅಳತೆ ಲೆಕ್ಕಕ್ಕೆ? ಮರದ ಪೆಟ್ಟಿಗೆಯಾದರೆ ಮರಕ್ಕೆ ಶಾಖ ಅಥವಾ ಹೊಗೆ ಉಪಚಾರ ಮಾಡಿದ 'ಐಎಸ್‌ಪಿಎಂ 15' ಮುದ್ರೆ ಇದೆಯೇ? ಬಳಸಿದ ಮನೆ ಸಾಮಾನಿನ ಲಾರಿ ಸಾಗಣೆಗೆ ಜಿಎಸ್‌ಟಿಯ ಇ-ವೇ ಬಿಲ್ ಬೇಕಿಲ್ಲ; ಅದರ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಡಿ.

ಮಾಲೀಕ ಮುಂದೆ ನಿಲ್ಲಬೇಕು

ಚೆನ್ನೈಯ ರಾಜಾಜಿ ಸಾಲೈನಲ್ಲಿರುವ ಕಸ್ಟಮ್ಸ್ ಹೌಸಿನ ಭಾಷೆಯಲ್ಲಿ ಈ ಸಾಮಾನಿನ ಹೆಸರು 'ಜೊತೆಗೆ ಬಾರದ ಬ್ಯಾಗೇಜು'. ಏಜೆಂಟರು ಯುಬಿ ಎನ್ನುತ್ತಾರೆ. ಬ್ಯಾಗೇಜು ಪ್ರಯಾಣಿಕನದು, ಹಾಗಾಗಿ ಪ್ರಯಾಣಿಕ ಭಾರತಕ್ಕೆ ಬಂದಿರಬೇಕು. ಕಸ್ಟಮ್ಸ್ ಕಾಯ್ದೆಯ 77ನೇ ಕಲಮು ಬ್ಯಾಗೇಜಿನ ಒಳಗೇನಿದೆ ಎಂದು ಮಾಲೀಕನೇ ಘೋಷಿಸಬೇಕು ಎನ್ನುತ್ತದೆ.

ಬಹಳ ಜನ ಎಡವುವುದು ಇಲ್ಲೇ. ತಾನು ಇನ್ನೂ ಆರು ತಿಂಗಳು ಅಲ್ಲೇ ಇರುತ್ತೇನೆ, ಸಾಮಾನು ಅಪ್ಪನ ಹೆಸರಿಗೋ ಭಾವನ ಹೆಸರಿಗೋ ಹೋಗಲಿ, ಅವರು ಬಿಡಿಸಿಕೊಳ್ಳುತ್ತಾರೆ ಎಂದು ಬರೆಸಿಬಿಡುತ್ತಾರೆ. ಪ್ರಯಾಣವನ್ನೇ ಮಾಡದ ಅಪ್ಪನಿಗೆ ಬ್ಯಾಗೇಜು ಎಲ್ಲಿಂದ ಬರಬೇಕು? ಹಿರಿಯರು ಮೈಸೂರಿನಿಂದ ಚೆನ್ನೈಗೆ ಹೋಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಗೋದಾಮು ಬಾಡಿಗೆ ದಿನದಿನಕ್ಕೆ ಏರುತ್ತದೆ.

2016ರ ಬ್ಯಾಗೇಜ್ ನಿಯಮಗಳು ಹಾಕಿಕೊಟ್ಟ ಚೌಕಟ್ಟಿನಲ್ಲಿ ಸಾಮಾನು ಪ್ರಯಾಣಿಕನಿಗಿಂತ ಎರಡು ತಿಂಗಳು ಮೊದಲು ಬಂದಿಳಿಯಬಹುದು. ಪ್ರಯಾಣಿಕ ಬಂದ ಮೇಲಾದರೆ ಒಂದು ತಿಂಗಳೊಳಗೆ ಅಲ್ಲಿಂದ ಹೊರಟಿರಬೇಕು. ಅಧಿಕಾರಿಗೆ ಕಾರಣ ಮನವರಿಕೆಯಾದರೆ ಅವಧಿ ಹಿಗ್ಗಿಸಬಹುದು. ಮಿತಿಗಳು ಕಾಲಕಾಲಕ್ಕೆ ಬದಲಾಗುತ್ತವೆ, ಸಾಮಾನು ಕಟ್ಟುವ ವಾರದಲ್ಲಿ ಚಾಲ್ತಿಯ ನಿಯಮವನ್ನು ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿಯಾದ ಸಿಬಿಐಸಿಯ ಜಾಲತಾಣದಲ್ಲಿ ಓದಿಕೊಳ್ಳುವುದು ಒಳ್ಳೆಯದು.

ಇನ್ನೊಂದು ತಪ್ಪು ಲೆಕ್ಕ ಸುಂಕದ್ದು. ವಿಮಾನದಲ್ಲಿ ಜೊತೆಗೆ ತಂದದ್ದಕ್ಕೆ ಸಿಗುವ ಸಾಮಾನ್ಯ ಸುಂಕ ವಿನಾಯಿತಿ ಹಡಗಿನಲ್ಲಿ ಬರುವ ಪೆಟ್ಟಿಗೆಗೂ ಇದೆ ಎಂದು ನಂಬಿದವರು ಬಹಳ. ಇಲ್ಲ. ಹಡಗಿನ ಪೆಟ್ಟಿಗೆಯಲ್ಲಿ ಸುಂಕವಿಲ್ಲದೆ ದಾಟುವುದು ಬಳಸಿದ ಸ್ವಂತ ವಸ್ತುಗಳು. ವರ್ಷಗಳ ಕಾಲ ಹೊರಗಿದ್ದು ವಾಸ ಬದಲಿಸುವವರಿಗೆ ಬೇರೆಯೇ ರಿಯಾಯಿತಿ ಇದೆ, ಅದಕ್ಕೆ ಹೊರದೇಶದಲ್ಲಿ ಇದ್ದ ಅವಧಿಯ ಷರತ್ತಿದೆ. ಪೆಟ್ಟಿಗೆಯೊಳಗೆ ಸೀಲು ಒಡೆಯದ ಹೊಸ ಮಿಕ್ಸರು, ತಂಗಿಗೆಂದು ಕೊಂಡ ಹೊಸ ಟ್ಯಾಬ್ ಕಂಡರೆ ಅದಕ್ಕೆ ಸುಂಕ ಬೀಳುತ್ತದೆ. ಗೋಡೆ ಟಿವಿಯ ಆಸೆ ಬಿಡುವುದೇ ಸರಿ. 2013ರ ಆಗಸ್ಟ್ 26ರಿಂದ ಸಾಮಾನ್ಯ ವಿನಾಯಿತಿಯಿಂದ ಅದನ್ನು ಹೊರಗಿಟ್ಟರು. ಡ್ರೋನ್ ಅಂತೂ 2022ರ ಫೆಬ್ರುವರಿಯಿಂದ ಆಮದಿಗೇ ನಿಷೇಧ. ಮಗನ ಆಟಿಕೆ ಎಂದು ಇಟ್ಟ ಒಂದು ಡ್ರೋನ್ ಇಡೀ ಸಾಮಾನನ್ನು ತಡೆಹಿಡಿಸಬಹುದು.

ಬಿಲ್ಲು ನೋಡಿ ರೋಸಿಹೋಗಿ 'ಸಾಮಾನೇ ಬೇಡ' ಎಂದು ಎದ್ದು ಬಂದರೂ ಕತೆ ಮುಗಿಯದು. ಇಳಿಸಿದ ಮೂವತ್ತು ದಿನದೊಳಗೆ ಬಿಡಿಸಿಕೊಳ್ಳದ ಸರಕನ್ನು ನೋಟಿಸು ಕೊಟ್ಟು, ಕಸ್ಟಮ್ಸ್ ಅನುಮತಿ ಪಡೆದು ಮಾರಲು ಕಸ್ಟಮ್ಸ್ ಕಾಯ್ದೆಯ 48ನೇ ಕಲಮು ಅವಕಾಶ ಕೊಡುತ್ತದೆ. ಬಂದ ಹಣದಲ್ಲಿ ಮೊದಲು ಮಾರಾಟದ ಖರ್ಚು, ಆಮೇಲೆ ಸಾಗಣೆ, ಸುಂಕ, ಗೋದಾಮು ಬಾಡಿಗೆ. ಮಾಲೀಕನ ಸರದಿ ಕಟ್ಟಕಡೆಗೆ. ಹಳೆಯ ಪಾತ್ರೆ, ಮಕ್ಕಳ ಆಲ್ಬಂ ಹರಾಜಾದರೆ ಆ ಸರದಿಗೆ ಏನೂ ಉಳಿಯುವುದಿಲ್ಲ.

ಹಡಗು ಸಿಕ್ಕಿಕೊಂಡರೆ ಯಾರ ಖರ್ಚು?

ಮದ್ರಾಸಿಗೆ ಮೊದಲು ಬಂದರೇ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು. ತೆಂಗಿನ ನಾರಿನಲ್ಲಿ ಹಲಗೆ ಹೊಲಿದ ಮಸೂಲಾ ದೋಣಿಗಳು ಜನರನ್ನೂ ಟ್ರಂಕುಗಳನ್ನೂ ಅಲೆಗಳ ಮೇಲೆ ಹೊತ್ತು ದಡಕ್ಕೆ ತರುತ್ತಿದ್ದವು. ನೆನೆಯದೆ ಬಂದ ಟ್ರಂಕು ಪುಣ್ಯವಂತರದು. ಕಟ್ಟುತ್ತಿದ್ದ ಬಂದರನ್ನೂ 1881ರ ಚಂಡಮಾರುತ ಕೆಡವಿತು.

ಈಗ ಕಾಂಕ್ರೀಟ್ ತಡೆಗೋಡೆ, ಎತ್ತರದ ಕ್ರೇನುಗಳು. ಆದರೆ ಸಮುದ್ರದ ಹಳೆಯ ಕಾನೂನೊಂದು ಇನ್ನೂ ಜೀವಂತ. ಹಡಗು ಅಪಾಯಕ್ಕೆ ಸಿಕ್ಕು ಅದನ್ನು ಉಳಿಸಲು ಅಸಾಧಾರಣ ಖರ್ಚಾದರೆ, ಆ ಖರ್ಚನ್ನು ಹಡಗಿನ ಒಡೆಯ ಮತ್ತು ಅದರಲ್ಲಿ ಸರಕು ಇಟ್ಟವರೆಲ್ಲ ಪಾಲು ಹಂಚಿಕೊಳ್ಳಬೇಕು. ಇದಕ್ಕೆ ಜನರಲ್ ಆ್ಯವರೇಜ್ ಎನ್ನುತ್ತಾರೆ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಆರು ದಿನ ಸಿಕ್ಕಿಕೊಂಡಿದ್ದು ನೆನಪಿರಬಹುದು. ಅದರ ಒಡೆಯರು ಜನರಲ್ ಆ್ಯವರೇಜ್ ಘೋಷಿಸಿದರು. ಅಂಥ ಹಡಗಿನಲ್ಲಿ ನಿಮ್ಮ ಹತ್ತು ಪೆಟ್ಟಿಗೆ ಇದ್ದರೆ, ಅವು ಸುರಕ್ಷಿತವಾಗಿದ್ದರೂ, ಠೇವಣಿಯೋ ಖಾತರಿಯೋ ಕೊಡುವ ತನಕ ಕೈಗೆ ಸಿಗುವುದಿಲ್ಲ. ವಿಮೆ ಇದ್ದರೆ ಆ ಖಾತರಿಯನ್ನು ವಿಮಾ ಕಂಪನಿ ಬರೆದುಕೊಡುತ್ತದೆ. ವಿಮೆ ಬೇಡ ಎಂದವರು ಸ್ವಂತ ಜೇಬಿಗೆ ಕೈ ಹಾಕಬೇಕು.

2025ರ ಮೇ ತಿಂಗಳಲ್ಲಿ ಕೊಚ್ಚಿಯಾಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನಲ್ಲಿ 640 ಕಂಟೇನರುಗಳಿದ್ದವು. ಕೇರಳದ ದಡಕ್ಕೆ ಕಂಟೇನರುಗಳು ತೇಲಿಬಂದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ವಿಮೆ ಮಾಡಿಸಬೇಕೇ ಎನ್ನುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ವಿಮೆಯ ಕಾಗದವನ್ನು ಮಾತ್ರ ಓದಿ ಸಹಿ ಹಾಕಬೇಕು. 'ಪೂರ್ಣ ನಷ್ಟಕ್ಕೆ ಮಾತ್ರ' ಎನ್ನುವ ಪಾಲಿಸಿ ಹಡಗು ಮುಳುಗಿದರೆ ದುಡ್ಡು ಕೊಡುತ್ತದೆ, ಗಾಜಿನ ಬೀರು ಒಡೆದರೆ ಕೊಡದು. ನೀವೇ ಕಟ್ಟಿದ ಪೆಟ್ಟಿಗೆಯೊಳಗೆ ಒಡೆದದ್ದು, ಕಾಣೆಯಾದದ್ದು ಬಹಳಷ್ಟು ಪಾಲಿಸಿಗಳಲ್ಲಿ ಲೆಕ್ಕಕ್ಕಿಲ್ಲ. ದುಡ್ಡು ಉಳಿಸಲು ಸ್ವತಃ ಪ್ಯಾಕ್ ಮಾಡಿದವರಿಗೆ ಇದು ತಿಳಿಯುವುದು ಪೆಟ್ಟಿಗೆ ತೆರೆದ ಮೇಲೆ. ಸಾಮಾನು ಪಡೆಯುವಾಗ ಒದ್ದೆಯಾದ, ಜಜ್ಜಿದ ಪೆಟ್ಟಿಗೆ ಕಂಡರೆ ರಶೀದಿಯ ಮೇಲೆಯೇ ಬರೆದು ಆಮೇಲೆ ಸಹಿ ಮಾಡಿ. ಹೊರಗೆ ಕಾಣದ ಹಾನಿಯನ್ನು ಮೂರು ದಿನದೊಳಗೆ ಬರವಣಿಗೆಯಲ್ಲಿ ತಿಳಿಸುವುದು ಹಡಗು ಸಾಗಣೆಯ ಪದ್ಧತಿ.

ಋತುವಿನ ಲೆಕ್ಕ ಕೂಡ ಬೇರೆ. ನಮಗೆ ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್. ಚೆನ್ನೈಗೆ ಮಳೆ ಸುರಿಯುವುದು ಅಕ್ಟೋಬರ್‌ನಿಂದ ಡಿಸೆಂಬರ್. 2015ರ ಡಿಸೆಂಬರ್ ಪ್ರವಾಹ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ ಎರಡೂ ಆ ಕಾಲದವು. ದೀಪಾವಳಿಗೆ ಇಳಿಯುವಂತೆ ಕಳಿಸಿದ ಪುಸ್ತಕದ ಪೆಟ್ಟಿಗೆಗೆ ಒಳಗೊಂದು ಪ್ಲಾಸ್ಟಿಕ್ ಹೊದಿಕೆ ಇರಲೇಬೇಕು.

■ ಬಾಕ್ಸ್: ಎಂಟು ಕಿಲೋ ರಜಾಯಿ, ಇಪ್ಪತ್ತನಾಲ್ಕು ಕಿಲೋ ಬಿಲ್ಲು

ಕೊರಿಯರಿನವರು ತೂಕವನ್ನು ಎರಡು ಬಗೆಯಲ್ಲಿ ನೋಡುತ್ತಾರೆ. ಒಂದು ತಕ್ಕಡಿಯ ತೂಕ. ಇನ್ನೊಂದು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದ ತೂಕ. ಯಾವುದು ಹೆಚ್ಚೋ ಅದಕ್ಕೆ ದರ. 60×45×45 ಅಳತೆಯ ಪೆಟ್ಟಿಗೆಯಲ್ಲಿ ಎಂಟು ಕಿಲೋ ರಜಾಯಿ ಇಟ್ಟರೆ ಬಿಲ್ಲು ಬರುವುದು 24.3 ಕಿಲೋಗೆ. ಹಗುರ ವಸ್ತು ಅಗ್ಗ ಎಂಬ ಲೆಕ್ಕ ಇಲ್ಲಿ ತಲೆಕೆಳಗು.

ಅಂಚೆಯ ಚೀಟಿ

ಹಿಂದೆ ಅಮೆರಿಕದಲ್ಲಿ ಓದಲು ಹೋದವರು ಪುಸ್ತಕಗಳನ್ನು ಹಡಗಿನ ಅಂಚೆಯಲ್ಲಿ ಕಡಿಮೆ ದರಕ್ಕೆ ಊರಿಗೆ ಕಳಿಸುತ್ತಿದ್ದರು. ತಿಂಗಳುಗಟ್ಟಲೆ ತಡವಾದರೂ ಬರುತ್ತಿತ್ತು. 2007ರ ಮೇನಲ್ಲಿ ಅಮೆರಿಕದ ಅಂಚೆ ಇಲಾಖೆ ಆ ಸೇವೆಯನ್ನೇ ನಿಲ್ಲಿಸಿತು. ಈಗ ಉಳಿದಿರುವುದು ವಿಮಾನದ ದರ.

ಅಂಚೆಯಲ್ಲಿ ಬಂದ ಪೆಟ್ಟಿಗೆಯ ಪಕ್ಕದಲ್ಲಿ ಮಾಲೀಕ ನಿಂತು ಇದು ನನ್ನ ಹಳೆಯ ಕೋಟು ಎಂದು ಹೇಳುವಂತಿಲ್ಲ. ಮಾತಾಡುವುದು ಮೇಲೆ ಅಂಟಿಸಿದ ಸಿಎನ್ 22 ಅಥವಾ ಸಿಎನ್ 23 ಎಂಬ ಘೋಷಣೆಯ ಚೀಟಿ. 'ಬಟ್ಟೆ, ಉಡುಗೊರೆ' ಎಂದು ಎರಡು ಪದ ಬರೆದು ಕಳಿಸುವುದು ಹಳೆಯ ಅಭ್ಯಾಸ. 2019ರ ಡಿಸೆಂಬರ್ 12ರಂದು ಅಂಚೆ, ಕೊರಿಯರ್ ಮೂಲಕ ಬರುವ ಉಡುಗೊರೆಗಳ ಸುಂಕ ವಿನಾಯಿತಿ ರದ್ದಾಯಿತು. ಉಳಿದದ್ದು ರಾಖಿ ಮತ್ತು ಜೀವರಕ್ಷಕ ಔಷಧಿಗಳಿಗೆ ಮಾತ್ರ. ಹಾಗಾಗಿ ಚೀಟಿಯಲ್ಲಿ ಒಂದೊಂದು ವಸ್ತುವನ್ನೂ ಬಿಡಿಸಿ ಬರೆಯಬೇಕು, ಬಳಸಿದ್ದು ಎಂದು ನಮೂದಿಸಬೇಕು, ಬೆಲೆ ಪ್ರಾಮಾಣಿಕವಾಗಿರಬೇಕು. ಬೆಲೆ ಕಡಿಮೆ ತೋರಿಸಿದರೆ ಅಧಿಕಾರಿ ತಾನೇ ಬೆಲೆ ಕಟ್ಟುತ್ತಾನೆ. ಪೆಟ್ಟಿಗೆ ಕಳೆದುಹೋದರೆ ಪರಿಹಾರವೂ ಆ ಸಣ್ಣ ಬೆಲೆಗೇ ನಿಲ್ಲುತ್ತದೆ.

ನಮ್ಮ ಅಂಚೆಯ ಕಾನೂನು ಗ್ರಾಹಕನ ಪರ ಉದಾರವಾಗಿಲ್ಲ. 1898ರ ಅಂಚೆ ಕಾಯ್ದೆಯ 6ನೇ ಕಲಮು ಕಳೆದದ್ದಕ್ಕೂ ಒಡೆದದ್ದಕ್ಕೂ ತಡವಾದದ್ದಕ್ಕೂ ಸರ್ಕಾರ ಹೊಣೆಯಲ್ಲ ಎಂದಿತ್ತು. ಅದರ ಜಾಗಕ್ಕೆ 2024ರ ಜೂನ್ 18ರಂದು ಜಾರಿಗೆ ಬಂದ 2023ರ ಹೊಸ ಕಾಯ್ದೆಯೂ ನಿಯಮಗಳಲ್ಲಿ ಹೇಳಿದಷ್ಟೇ ಹೊಣೆ ಎನ್ನುತ್ತದೆ. ಬೆಲೆಬಾಳುವುದನ್ನು ಇನ್ಶೂರ್ ಮಾಡಿಸದೆ ಅಂಚೆಗೆ ಹಾಕಬಾರದು.

ಸೆಂಟ್ರಲ್ ಸ್ಟೇಷನ್ನಿನ ಪಾರ್ಸೆಲ್ ಆಫೀಸು

ಪರದೇಶದ ಮಾತು ಬಿಟ್ಟು ಚೆನ್ನೈಯೊಳಗಿನವರನ್ನು ನೋಡೋಣ. ಐಐಟಿ ಮದ್ರಾಸಿನಲ್ಲಿ ಓದು ಮುಗಿಸಿದವರು, ಓಎಂಆರ್ ರಸ್ತೆಯ ಐಟಿ ಕಂಪನಿಗಳಲ್ಲಿ ಕೆಲಸ ಬಿಟ್ಟವರು, ಬೈಕು ಮತ್ತು ನಾಲ್ಕು ಪೆಟ್ಟಿಗೆ ಹಿಡಿದು ಹುಬ್ಬಳ್ಳಿಗೋ ಮಂಗಳೂರಿಗೋ ಹೊರಡುತ್ತಾರೆ.

ರೈಲಿನಲ್ಲಿ ಬೈಕು ಕಳಿಸಲು ಪೆಟ್ರೋಲ್ ಟ್ಯಾಂಕು ಖಾಲಿ ಇರಬೇಕು, ಆರ್‌ಸಿ ಪ್ರತಿ ಬೇಕು, ಗೋಣಿ ಸುತ್ತಿ ಕಟ್ಟಿರಬೇಕು. ಸ್ಟೇಷನ್ ಹೊರಗೆ ಗೋಣಿ ಕಟ್ಟುವವರ ಕೂಲಿ, ಹಮಾಲರು ಎತ್ತುವ ದರ ರೈಲ್ವೆ ರಶೀದಿಯಲ್ಲಿ ಇರುವುದಿಲ್ಲ. ತಲುಪಿದ ಮೇಲೆ ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳದಿದ್ದರೆ ವಾರ್ಫೇಜ್, ಅಂದರೆ ತಡಮಾಡಿದ್ದಕ್ಕೆ ಶುಲ್ಕ, ಬೀಳುತ್ತದೆ. ಬೈಕು ಯಾವ ಗಾಡಿಗೆ ಹತ್ತಿತು ಎಂದು ಬೆನ್ನು ಹತ್ತಿ ವಿಚಾರಿಸದಿದ್ದರೆ ಅದು ತಲುಪಿದ್ದೇ ಗೊತ್ತಾಗದೆ ದಂಡ ಕಟ್ಟುವ ಹಾಗಾಗುತ್ತದೆ.

ಬಹಳ ಜನ ಗಮನಿಸದ ಸಾಲೊಂದು ಬುಕಿಂಗ್ ಅರ್ಜಿಯಲ್ಲಿದೆ. ಬೆಲೆ ಘೋಷಿಸಿ ಅದಕ್ಕೆ ಶೇಕಡಾವಾರು ಹೆಚ್ಚುವರಿ ಶುಲ್ಕ ಕಟ್ಟದಿದ್ದರೆ ರೈಲ್ವೆಯ ಹೊಣೆ ಲಗೇಜಿಗೆ ಕಿಲೋಗೆ 100 ರೂಪಾಯಿ, ಪಾರ್ಸೆಲ್ಲಿಗೆ ಕಿಲೋಗೆ 50 ರೂಪಾಯಿಗೆ ಸೀಮಿತ. ಲ್ಯಾಪ್‌ಟಾಪ್ ಇಟ್ಟ ಹತ್ತು ಕಿಲೋ ಪೆಟ್ಟಿಗೆ ಕಳೆದರೆ ಎಷ್ಟು ಸಿಗುತ್ತದೆ ಎಂದು ಯಾರಾದರೂ ಲೆಕ್ಕ ಹಾಕಬಹುದು.

■ ಬಾಕ್ಸ್: ಪುಸ್ತಕಕ್ಕೆ ಜ್ಞಾನ ಪೋಸ್ಟ್

2025ರ ಮೇ 1ರಂದು ಶುರುವಾದ ಈ ಅಂಚೆ ಸೇವೆಯಲ್ಲಿ ದೇಶದೊಳಗೆ ಪುಸ್ತಕ ಕಳಿಸಲು 300 ಗ್ರಾಂಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ ಎಂದು ಆರಂಭದ ದರ ನಿಗದಿಯಾಯಿತು, ತೆರಿಗೆ ಬೇರೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರಿರಬೇಕು. ನೆಲದ ಮಾರ್ಗದ ಸಾಗಣೆ, ಆತುರಕ್ಕಲ್ಲ.

ಕರೆ ಬಂದರೆ

ಪೆಟ್ಟಿಗೆ ದಾರಿಯಲ್ಲಿದೆ ಎಂದು ಗೊತ್ತಿರುವ ಮನೆಗೆ ಬರುವ ಒಂದು ಫೋನು ಸುಲಭವಾಗಿ ನಂಬಿಸುತ್ತದೆ. 'ಚೆನ್ನೈ ಕಸ್ಟಮ್ಸ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ಪಾರ್ಸೆಲ್‌ನಲ್ಲಿ ನಿಷೇಧಿತ ವಸ್ತು ಸಿಕ್ಕಿದೆ' ಎನ್ನುವ ದನಿ ವಯಸ್ಸಾದವರನ್ನು ನಡುಗಿಸುತ್ತದೆ. 'ಡಿಜಿಟಲ್ ಅರೆಸ್ಟ್' ಹೆಸರಿನ ವಂಚನೆಗಳಲ್ಲಿ ಎಷ್ಟೋ ಶುರುವಾಗುವುದು ಹೀಗೆ. 2024ರ ಅಕ್ಟೋಬರಿನ 'ಮನದ ಮಾತು' ರೇಡಿಯೊ ಭಾಷಣದಲ್ಲಿ ಪ್ರಧಾನಿಯೇ ಇದರ ಬಗ್ಗೆ ಎಚ್ಚರಿಸಿದ್ದರು. ಕಸ್ಟಮ್ಸ್ ಯಾರದೋ ಖಾಸಗಿ ಖಾತೆಗೆ ಹಣ ಕೇಳುವುದಿಲ್ಲ. ಇಲಾಖೆಯ ಪತ್ರಕ್ಕೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಸಿಬಿಐಸಿ ಜಾಲತಾಣದಲ್ಲಿ ಹಾಕಿ ನೋಡಬಹುದು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹೊರದೇಶದಲ್ಲಿರುವ ಮಕ್ಕಳು ಪೆಟ್ಟಿಗೆ ಕಳಿಸುವ ದಿನವೇ ಮನೆಯವರಿಗೆ ಈ ಮಾತು ಹೇಳಿಡುವುದು ಪೆಟ್ಟಿಗೆಯ ಟ್ರ್ಯಾಕಿಂಗ್ ನಂಬರ್ ಕೊಡುವುದಕ್ಕಿಂತ ಮುಖ್ಯ.

ಏನು ತರಬೇಕು ಎನ್ನುವುದು ಅವರವರ ಮನಸ್ಸು. ಅಮ್ಮನ ಹಿತ್ತಾಳೆ ದೀಪಕ್ಕೆ ಸಿಬಿಎಂ ಲೆಕ್ಕ ಹಾಕಿ ಬಿಟ್ಟು ಬನ್ನಿ ಎಂದು ನಾನು ಹೇಳಲಾರೆ. ಆದರೆ ದೀಪ, ಫೋಟೊ, ಕಾಗದಪತ್ರ ವಿಮಾನದ ಪೆಟ್ಟಿಗೆಯಲ್ಲಿ ನಿಮ್ಮ ಜೊತೆಗೇ ಬರಲಿ. ಕೊಳ್ಳಲು ಸಿಗದ ವಸ್ತುವನ್ನು ಇನ್ನೊಬ್ಬರ ಗೋದಾಮಿಗೆ ಒಪ್ಪಿಸಬೇಡಿ. ಕುಕ್ಕರು ಜಯನಗರದಲ್ಲಿ ಸಿಗುತ್ತದೆ. ಅಮೆರಿಕದ 120 ವೋಲ್ಟಿನ ಮಿಕ್ಸರು ಇಲ್ಲಿನ 230 ವೋಲ್ಟಿಗೆ ಆಗಿಬರುವುದಿಲ್ಲ.

ಬಿಲ್ಲು ಅನ್ಯಾಯವೆನಿಸಿದರೂ ಮೊದಲು ಕಟ್ಟಿ, ರಶೀದಿಯ ಮೇಲೆ 'ಆಕ್ಷೇಪಣೆಯೊಂದಿಗೆ ಪಾವತಿ' ಎಂದು ಬರೆದು ಸಾಮಾನು ಬಿಡಿಸಿಕೊಳ್ಳುವುದು ಕ್ಷೇಮ. ಗೋದಾಮಿನ ಬಾಡಿಗೆ ವಾದ ಮುಗಿಯುವ ತನಕ ಕಾಯುವುದಿಲ್ಲ. ಆಮೇಲೆ ದೂರು ಕೊಡಲು ಚೆನ್ನೈಗೆ ಮತ್ತೆ ಬಸ್ಸು ಹತ್ತಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ಮೈಸೂರಿನವರು ಮೈಸೂರಿನ ಜಿಲ್ಲಾ ಆಯೋಗಕ್ಕೆ, ಶಿವಮೊಗ್ಗದವರು ಶಿವಮೊಗ್ಗಕ್ಕೆ, ಹಣ ಪಡೆದ ಚೆನ್ನೈ ಏಜೆಂಟನನ್ನು ಕರೆಸಬಹುದು. ಸೇವೆಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂಬ ಕಡ್ಡಾಯವೂ ಇಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಕೈಯಲ್ಲಿ ಇರಬೇಕಾದದ್ದು ಮೂರು ಕಾಗದ: ಮೊದಲು ಒಪ್ಪಿದ ದರಪಟ್ಟಿ, ಚೆನ್ನೈಯಲ್ಲಿ ಕೊಟ್ಟ ಬಿಲ್ಲು, ಆಕ್ಷೇಪಣೆ ಬರೆದ ರಶೀದಿ.